ಮೊದಲು ಗೇಟ್, ಆಮೇಲೆ ಸಿಗ್ನಲ್: ಧಾರವಾಡ ಸೀಮೆಯ ರೈಲ್ವೆ ಗೇಟುಗಳು ಮತ್ತು ಹಳೆಯ ಕೈಮರಗಳು – ಮುಖ್ಯಾಂಶಗಳು

ರೈಲ್ವೆ ನೇಮಕಾತಿ ಪರೀಕ್ಷೆಗಾಗಲಿ, ಸಾಮಾನ್ಯ ಜ್ಞಾನದ ಪತ್ರಿಕೆಗಾಗಲಿ ಓದುವವರು ಸಿಗ್ನಲ್ ಕುರಿತ ಇಸವಿ, ಹೆಸರು, ದೂರಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುತ್ತಾರೆ. ವಾರ ಕಳೆಯುವುದರೊಳಗೆ ಮರೆಯುತ್ತಾರೆ. ಈ ವಿಷಯಕ್ಕೆಲ್ಲ ಒಂದೇ ಸೂತ್ರವಿದೆ: ರಸ್ತೆ ಮುಚ್ಚಿದ ಮೇಲೆ ರೈಲಿಗೆ ದಾರಿ, ರೈಲು ದಾಟಿದ ಮೇಲೆ ರಸ್ತೆಗೆ ದಾರಿ. ನೂರೈವತ್ತು ವರ್ಷಗಳಲ್ಲಿ ಈ ಕ್ರಮವನ್ನು ಕಾಯುವ ಸಲಕರಣೆ ಬದಲಾಗಿದೆ, ಕ್ರಮ ಬದಲಾಗಿಲ್ಲ. ಕೆಳಗಿನ ಅಂಶಗಳನ್ನು ಈ ಸೂತ್ರಕ್ಕೆ ಜೋಡಿಸಿಕೊಂಡು ಓದಿ.

1. ಹಿನ್ನೆಲೆ: ಈ ಸೀಮೆಗೆ ರೈಲು ಬಂದದ್ದು

- 1876–78ರ ಮಹಾ ಬರದಲ್ಲಿ ಧಾರವಾಡ ಸೇರಿದ ದಕ್ಷಿಣ ಮರಾಠಾ ಸೀಮೆಗೆ ಧಾನ್ಯ ಸಾಗಿಸಲು ದಾರಿಯಿರಲಿಲ್ಲ. ಬರ ಪರಿಹಾರದ ಮಾರ್ಗಗಳೆಂದೇ ಇಲ್ಲಿನ ಹಳಿಗಳ ಯೋಜನೆ ರೂಪುಗೊಂಡಿತು.
- ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆ: 1882. ಕೇಂದ್ರ ಕಚೇರಿ: ಧಾರವಾಡ. ಕಂಪನಿಯ ಕಚೇರಿಗೆಂದು ಕಟ್ಟಿದ ಕಟ್ಟಡದಲ್ಲೇ ಮುಂದೆ ಕರ್ನಾಟಕ ಕಾಲೇಜು ನೆಲೆಯೂರಿತು.
- ಹುಬ್ಬಳ್ಳಿ ರೈಲ್ವೆ ಕಾರ್ಯಾಗಾರ: 1885.
- 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದಿಂದ ಮಾರ್ಮಗೋವಾ ಬಂದರಿನ ಮಾರ್ಗಕ್ಕೆ ದಾರಿಯಾಯಿತು. ಧಾರವಾಡ ಸೀಮೆಯ ಹತ್ತಿಗೆ ಸಮುದ್ರ ಹತ್ತಿರವಾಯಿತು.
- ಮೊದಲ ಹಳಿಗಳು ಮೀಟರ್‌ಗೇಜ್ (1000 ಮಿ.ಮೀ). 1990ರ ದಶಕದಲ್ಲಿ ಹುಬ್ಬಳ್ಳಿಯ ಸುತ್ತಲಿನ ಮುಖ್ಯ ಮಾರ್ಗಗಳು ಬ್ರಾಡ್‌ಗೇಜ್ (1676 ಮಿ.ಮೀ) ಆದವು.
- ಆಡಳಿತದ ಸರಪಳಿ: ಸದರ್ನ್ ಮರಾಠಾ (1882) → ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ (1908) → ದಕ್ಷಿಣ ರೈಲ್ವೆ (14 ಏಪ್ರಿಲ್ 1951) → ದಕ್ಷಿಣ ಮಧ್ಯ ರೈಲ್ವೆ (1966) → ನೈಋತ್ಯ ರೈಲ್ವೆ (1 ಏಪ್ರಿಲ್ 2003, ಕೇಂದ್ರ ಹುಬ್ಬಳ್ಳಿ).
- ಗಮನಿಸಿ: ಕಂಪನಿಯ ಕಾಲದಲ್ಲಿ ಧಾರವಾಡಕ್ಕಿದ್ದ ಕೇಂದ್ರ ಸ್ಥಾನ 2003ರಲ್ಲಿ ಹುಬ್ಬಳ್ಳಿಗೆ ಬಂತು. ನಡುವಿನ ಸುಮಾರು 95 ವರ್ಷ ಈ ಮಾರ್ಗಗಳ ಆಡಳಿತ ಹೊರ ರಾಜ್ಯದಿಂದ ನಡೆಯಿತು.

2. ತಾಲೂಕುವಾರು ಚಿತ್ರ

- ಅಣ್ಣಿಗೇರಿ: ಹುಬ್ಬಳ್ಳಿ–ಗದಗ ಮಾರ್ಗದ ನಿಲ್ದಾಣ. ಹಳಿ ಮತ್ತು ರಾಷ್ಟ್ರೀಯ ಹೆದ್ದಾರಿ 67 ಎರಡೂ ಎರೆ ಭೂಮಿಯಲ್ಲಿ ಒಂದೇ ದಿಕ್ಕಿಗೆ ಸಾಗುತ್ತವೆ. ಹಳಿಯ ಆಚೆಗಿರುವ ಹೊಲಕ್ಕೆ ಹೋಗುವವರು ಹಳಿ ದಾಟಲೇಬೇಕಾದ್ದರಿಂದ ಗೇಟು ಇಲ್ಲಿ ದಿನನಿತ್ಯದ ವಿಷಯ.
- ಕುಂದಗೋಳ: ಹುಬ್ಬಳ್ಳಿ–ಹರಿಹರ–ಬೆಂಗಳೂರು ಮಾರ್ಗ. ತಾಲೂಕಿನ ನಿಲ್ದಾಣಗಳು: ಕುಂದಗೋಳ, ಸಂಶಿ, ಗುಡಗೇರಿ. ಹಳಿ ಬಂದ ಕಾಲಕ್ಕೆ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು.
- ನವಲಗುಂದ: ಪಟ್ಟಣಕ್ಕೆ ನಿಲ್ದಾಣವಿಲ್ಲ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ (ರಾ.ಹೆ. 52) ಮುಖ್ಯ ಸಂಪರ್ಕ, ರೈಲಿಗೆ ಅಣ್ಣಿಗೇರಿಗೋ ಹುಬ್ಬಳ್ಳಿಗೋ ಬರಬೇಕು.
- ಕಲಘಟಗಿ: ಇಲ್ಲಿಯೂ ನಿಲ್ದಾಣವಿಲ್ಲ. 1997–98ರಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಈ ತಾಲೂಕಿನ ಮೂಲಕ ಹೋಗುವ ಯೋಜನೆ. ಪಶ್ಚಿಮ ಘಟ್ಟದ ಅರಣ್ಯ ಅನುಮತಿಯ ವಿಷಯದಲ್ಲಿ ಅದು ವರ್ಷಗಟ್ಟಲೆ ತಡೆದು ನಿಂತಿತು.
- ಜೋಡಿಸಿ ನೆನಪಿಡಿ: ಇಲ್ಲಿ ಹೇಳಿದ ನಾಲ್ಕರಲ್ಲಿ ಎರಡು ತಾಲೂಕು ಕೇಂದ್ರಗಳಿಗೆ (ಅಣ್ಣಿಗೇರಿ, ಕುಂದಗೋಳ) ರೈಲು ಉಂಟು; ಎರಡಕ್ಕೆ (ನವಲಗುಂದ, ಕಲಘಟಗಿ) ಇಲ್ಲ.

3. ಲೆವೆಲ್ ಕ್ರಾಸಿಂಗ್: ವಿಧಗಳು

- ಅರ್ಥ: ರಸ್ತೆ ಮತ್ತು ಹಳಿ ಒಂದೇ ಮಟ್ಟದಲ್ಲಿ ಕೂಡುವ ಜಾಗ. ಜನರ ಬಾಯಲ್ಲಿ ಇದು ಬರೀ ‘ಗೇಟ್’.
- ಕಾವಲಿನ ಮೇಲೆ: ಕಾವಲುಗಾರ ಇರುವುದು, ಇಲ್ಲದ್ದು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ 31 ಜನವರಿ 2019ರ ಹೊತ್ತಿಗೆ ತೆಗೆದುಹಾಕಲಾಯಿತು.
- ಇಲಾಖೆಯ ಮೇಲೆ: ನಿಲ್ದಾಣದ ಸಿಗ್ನಲ್ ಮಿತಿಯೊಳಗಿನದು ಸಾಮಾನ್ಯವಾಗಿ ಟ್ರಾಫಿಕ್ ಗೇಟ್, ನಿಲ್ದಾಣಗಳ ನಡುವಿನ ಬಯಲಿನದು ಎಂಜಿನಿಯರಿಂಗ್ ಗೇಟ್.
- ಸಿಗ್ನಲ್ ಸಂಬಂಧದ ಮೇಲೆ: ಇಂಟರ್‌ಲಾಕ್ ಆದ (ಬೀಗದ ಮೂಲಕ ಸಿಗ್ನಲ್ಲಿಗೆ ಜೋಡಿಸಿದ) ಗೇಟ್, ಆಗದ ಗೇಟ್. ಮೊದಲನೆಯದರಲ್ಲಿ ನಮ್ಮ ಸೂತ್ರವನ್ನು ಬೀಗ ಕಾಯುತ್ತದೆ. ಎರಡನೆಯದರಲ್ಲಿ ಮನುಷ್ಯ ಕಾಯುತ್ತಾನೆ.
- ಇಂಟರ್‌ಲಾಕ್ ಆಗದ ಗೇಟಿನಲ್ಲಿ ಸ್ಟೇಷನ್ ಮಾಸ್ತರ್ ಮತ್ತು ಗೇಟ್‌ಮನ್ ಫೋನಿನಲ್ಲಿ ‘ಪ್ರೈವೇಟ್ ನಂಬರ್’ ಕೊಟ್ಟು ಪಡೆಯುತ್ತಾರೆ. ಗೇಟು ಹಾಕಿದ್ದಕ್ಕೆ ಆ ಸಂಖ್ಯೆಯೇ ದಾಖಲೆ.

4. ಟಿ.ವಿ.ಯು. ಲೆಕ್ಕ (ಪದೇ ಪದೇ ಕೇಳುವ ಅಂಶ)

- ಟಿ.ವಿ.ಯು. (ಟ್ರೇನ್ ವೆಹಿಕಲ್ ಯೂನಿಟ್) = ದಿನದ ರೈಲುಗಳ ಸಂಖ್ಯೆ × ದಿನದ ರಸ್ತೆ ವಾಹನ ಘಟಕಗಳು.
- ಮೋಟಾರು ವಾಹನ 1, ಚಕ್ಕಡಿ 1, ಟಾಂಗಾ 1. ಆಟೋ ಮತ್ತು ಸೈಕಲ್ ರಿಕ್ಷಾ ತಲಾ ಅರ್ಧ ಘಟಕ.
- ವರ್ಗಗಳು (ಟಿ.ವಿ.ಯು. ಮಾನದಂಡದಂತೆ): ವಿಶೇಷ – 50,000ಕ್ಕಿಂತ ಹೆಚ್ಚು, ‘ಎ’ – 30,000ರಿಂದ 50,000, ‘ಬಿ’ – 20,000ರಿಂದ 30,000, ‘ಸಿ’ – ಉಳಿದವು, ‘ಡಿ’ – ದನಕರು ದಾಟುವ ಜಾಗ.
- 1,00,000 ದಾಟಿದರೆ ಮೇಲ್ಸೇತುವೆಯ ಪ್ರಸ್ತಾವಕ್ಕೆ ಅರ್ಹತೆ.
- ಮಾದರಿ ಲೆಕ್ಕ (ಅಭ್ಯಾಸಕ್ಕಾಗಿ ಕಲ್ಪಿಸಿದ್ದು): ಒಂದು ಹೊಲದ ರಸ್ತೆಯಲ್ಲಿ ದಿನಕ್ಕೆ 300 ಟ್ರ್ಯಾಕ್ಟರ್, 100 ಚಕ್ಕಡಿ, 60 ಆಟೋ, ರೈಲು 40. ಘಟಕ: 300 + 100 + 30 = 430. ಟಿ.ವಿ.ಯು.: 430 × 40 = 17,200. ವರ್ಗ ‘ಸಿ’.
- ಅದೇ ರಸ್ತೆಯಲ್ಲಿ ರೈಲುಗಳು 80 ಆದರೆ: 34,400. ವರ್ಗ ‘ಎ’. ರಸ್ತೆಯಲ್ಲಿ ಒಂದು ಗಾಡಿಯೂ ಹೆಚ್ಚಾಗದೆ ಗೇಟಿನ ದರ್ಜೆ ಬದಲಾಯಿತು. ಜೋಡಿ ಹಳಿ ಬಂದು ರೈಲು ಹೆಚ್ಚಾದ ಕಡೆ ಗೇಟು ತೆಗೆದು ಸೇತುವೆ ಕಟ್ಟುವ ಒತ್ತಡ ಬರುವುದಕ್ಕೆ ಇದೊಂದು ಕಾರಣ.

5. ಗೇಟಿನ ಸಲಕರಣೆ: ಹಳೆಯದರಿಂದ ಹೊಸದಕ್ಕೆ

- ಸರಪಳಿ: ಕಡಿಮೆ ಓಡಾಟದ ಜಾಗಕ್ಕೆ ರಸ್ತೆಗೆ ಅಡ್ಡ ಕಟ್ಟುವ ಸರಪಳಿ, ನಡುವೆ ಕೆಂಪು ಬಿಲ್ಲೆ, ತುದಿಗೆ ಬೀಗ.
- ತೂಗು ಬಾಗಿಲು: ಕೀಲಿನ ಮೇಲೆ ತಿರುಗುವ ಕಬ್ಬಿಣದ ಗೇಟು. ನಡುವೆ ಕೆಂಪು ತಟ್ಟೆ, ರಾತ್ರಿಗೆ ಸೀಮೆಎಣ್ಣೆ ದೀಪ.
- ಎತ್ತುವ ಕಂಬ: ಗೇಟ್‌ಮನ್ ರಾಟೆಯ ಹಿಡಿ ತಿರುಗಿಸಿದರೆ ತಂತಿಹಗ್ಗ ಎಳೆದು ಎರಡೂ ಬದಿಯ ಕಂಬ ಒಟ್ಟಿಗೆ ಏರಿಳಿಯುತ್ತವೆ. ಕಂಬದ ಬುಡದಲ್ಲಿ ಸಮತೂಕದ ಭಾರ.
- ಮೋಟಾರು ಕಂಬ: ವಿದ್ಯುತ್ತಿನಿಂದ ನಡೆಯುತ್ತದೆ, ಜೊತೆಗೆ ಸೈರನ್, ರಸ್ತೆಯತ್ತ ಕೆಂಪು ದೀಪ.
- ಸರಿಸುವ ಕಂಬ: ವಾಹನ ಗುದ್ದಿ ಮುಖ್ಯ ಕಂಬ ಮುರಿದರೆ ತಾತ್ಕಾಲಿಕವಾಗಿ ಎಳೆದು ಹಾಕುವ ವ್ಯವಸ್ಥೆ.
- ಎತ್ತರ ಮಿತಿಯ ಕಮಾನು: ಹಳಿಯ ಮೇಲೆ 25 ಕಿಲೋವೋಲ್ಟ್ ತಂತಿ ಬಂದ ಮೇಲೆ ಗೇಟಿನ ಎರಡೂ ಬದಿ ನಿಂತದ್ದು. ಮೇವು, ಹತ್ತಿ ಎತ್ತರಕ್ಕೆ ಹೇರಿದ ಗಾಡಿಗಳನ್ನು ತಂತಿಯ ಕೆಳಗೆ ಬರುವ ಮೊದಲೇ ತಡೆಯುವುದು ಇದರ ಕೆಲಸ.
- ಕೆಳಸೇತುವೆ: ಗೇಟಿಗೆ ಬದಲಿ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ನೀರು ಹೊರಹಾಕುವ ವ್ಯವಸ್ಥೆ ಇಲ್ಲಿ ಸೇತುವೆಯಷ್ಟೇ ಮುಖ್ಯ.

6. ಕೈಮರ ಸಿಗ್ನಲ್ (ಸೆಮಾಫೋರ್)

- ರೈಲಿಗೆ ಮೊದಲು ಬಳಸಿದವರು: ಚಾರ್ಲ್ಸ್ ಹಟನ್ ಗ್ರೆಗೊರಿ, ಲಂಡನ್ನಿನ ನ್ಯೂ ಕ್ರಾಸ್, 1840ರ ದಶಕದ ಆರಂಭ. ಮೂಲ ಕಲ್ಪನೆ: ಫ್ರಾನ್ಸಿನ ಕ್ಲೋಡ್ ಶಾಪ್ 1790ರ ದಶಕದಲ್ಲಿ ಕಟ್ಟಿದ ದೃಶ್ಯ ತಂತಿವ್ಯವಸ್ಥೆ.
- ಭಾಗಗಳು: ಕಂಬ, ತೋಳು, ಬಣ್ಣದ ಗಾಜಿನ ಚೌಕಟ್ಟು, ದೀಪ, ಸಮತೂಕದ ಭಾರ, ಎಳೆಯುವ ತಂತಿ, ಲಿವರ್.
- ಗಾಜಿನ ಗುಟ್ಟು: ಸೀಮೆಎಣ್ಣೆ ಜ್ವಾಲೆ ಹಳದಿ. ಅದರ ಮುಂದೆ ನೀಲಿ ಛಾಯೆಯ ಗಾಜು ಇಟ್ಟರೆ ದೂರಕ್ಕೆ ಹಸಿರಾಗಿ ಕಾಣುತ್ತದೆ.
- ಹಿಂದೀಪ: ದೀಪದ ಹಿಂಬದಿಯ ಸಣ್ಣ ಬಿಳಿ ಬೆಳಕು. ದೀಪ ಉರಿಯುತ್ತಿದೆಯೇ, ತೋಳು ಎಲ್ಲಿದೆ ಎಂಬುದು ಇದರಿಂದ ನಿಲ್ದಾಣದ ಸಿಬ್ಬಂದಿಗೆ ತಿಳಿಯುತ್ತದೆ.
- ಕೆಳಮುಖ ತೋಳು: ಅಡ್ಡಕ್ಕಿದ್ದರೆ ‘ನಿಲ್ಲು’, 45ರಿಂದ 60 ಡಿಗ್ರಿ ಇಳಿದರೆ ‘ಹೋಗು’.
- ಮೇಲ್ಮುಖ ತೋಳು: ಅಡ್ಡ – ನಿಲ್ಲು; 45 ಡಿಗ್ರಿ ಮೇಲಕ್ಕೆ – ಎಚ್ಚರ; 90 ಡಿಗ್ರಿ – ಹೋಗು.
- ಸ್ಟಾಪ್ ಸಿಗ್ನಲ್: ಚೌಕ ತುದಿಯ ಕೆಂಪು ತೋಳು, ಬಿಳಿ ಪಟ್ಟಿ. ಹಿಂಬದಿ ಬಿಳಿ, ಕಪ್ಪು ಪಟ್ಟಿ.
- ವಾರ್ನರ್: ಮೀನಿನ ಬಾಲದಂತೆ ಸೀಳಿದ ಕೆಂಪು ತೋಳು. ಇದಕ್ಕಿಂತ 1.5ರಿಂದ 2 ಮೀಟರ್ ಮೇಲೆ ಒಂದು ಸ್ಥಿರ ಹಸಿರು ದೀಪ ಅಥವಾ ಸ್ಟಾಪ್ ತೋಳು ಇರುತ್ತದೆ. ರಾತ್ರಿ ಮೇಲೆ ಹಸಿರು, ಕೆಳಗೆ ಕೆಂಪು ಕಂಡರೆ: ಎಚ್ಚರದಿಂದ ಮುಂದೆ ಸಾಗು, ಮುಂದಿನ ಸ್ಟಾಪ್ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧನಿರು.
- ಡಿಸ್ಟಂಟ್ (ಮೇಲ್ಮುಖ ವ್ಯವಸ್ಥೆಯಲ್ಲಿ): ಹಳದಿ ತೋಳು, ಸೀಳು ತುದಿ, ಕಪ್ಪು ಗುರುತು.
- ನಿಲ್ದಾಣಕ್ಕೆ ಬರುವ ರೈಲಿಗೆ ಔಟರ್, ನಂತರ ಹೋಮ್. ಹೊರಡುವ ರೈಲಿಗೆ ಸ್ಟಾರ್ಟರ್, ನಂತರ ಅಡ್ವಾನ್ಸ್ಡ್ ಸ್ಟಾರ್ಟರ್.
- ತಂತಿ ಹರಿದರೆ? ಒಂಟಿ ತಂತಿಯ ವ್ಯವಸ್ಥೆಯಲ್ಲಿ ಸಮತೂಕದ ಭಾರ ತೋಳನ್ನು ‘ನಿಲ್ಲು’ ಸ್ಥಿತಿಗೆ ತರುತ್ತದೆ. ಕೆಟ್ಟರೆ ಸುರಕ್ಷತೆಯ ಕಡೆಗೇ ಕೆಡಬೇಕು ಎಂಬುದು ಸಿಗ್ನಲ್ ವಿದ್ಯೆಯ ಬುನಾದಿ.
- ಬಿಸಿಲಿನ ಪ್ರಶ್ನೆ: ತಂತಿ ಬಿಸಿಗೆ ಹಿಗ್ಗಿದರೆ ಲಿವರ್ ಎಳೆದರೂ ತೋಳು ಪೂರ್ತಿ ಚಲಿಸದು, ಚಳಿಗೆ ಕುಗ್ಗಿದರೆ ಬಿಗಿಯಾಗುತ್ತದೆ. ಆದ್ದರಿಂದ ಲಿವರಿನ ಬಳಿ ತಂತಿ ಹೊಂದಿಸುವ ಸಾಧನ. ಬೇಸಿಗೆಯಲ್ಲಿ ಹಗಲು–ರಾತ್ರಿಯ ತಾಪದ ಅಂತರ ದೊಡ್ಡದಿರುವ ಬಯಲುಸೀಮೆಯಲ್ಲಿ ಇದು ದಿನದ ಕೆಲಸ.
- ಮೇಲ್ಮುಖ ತೋಳಿನ ಅನುಕೂಲ ತಿಳಿಯಲು ಒಂದು ಉದಾಹರಣೆ: 1876ರ ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಅಪಘಾತ. ಹಿಮ ಕಟ್ಟಿದ ತೋಳುಗಳು ‘ಹೋಗು’ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದವು. ಮೇಲ್ಮುಖ ತೋಳಿನ ಮೇಲೆ ಏನು ಕೂತರೂ ಅದರ ಭಾರ ‘ನಿಲ್ಲು’ ಕಡೆಗೇ ಎಳೆಯುತ್ತದೆ.

7. ಇಂಟರ್‌ಲಾಕಿಂಗ್: ಗೇಟಿಗೂ ಸಿಗ್ನಲ್ಲಿಗೂ ಗಂಟು

- ಜನಕ: ಜಾನ್ ಸ್ಯಾಕ್ಸ್‌ಬಿ, 1856ರ ಪೇಟೆಂಟ್. ಮುಂದೆ ಸ್ಯಾಕ್ಸ್‌ಬಿ ಆ್ಯಂಡ್ ಫಾರ್ಮರ್ ಕಂಪನಿಯ ಲಿವರ್ ಚೌಕಟ್ಟುಗಳು ಭಾರತದಲ್ಲೂ ಬಂದವು.
- ಭಾರತದಲ್ಲಿ ಆರಂಭ: 1894, ಗಾಜಿಯಾಬಾದ್–ಪೇಶಾವರ ಮಾರ್ಗದ ನಿಲ್ದಾಣಗಳು, ‘ಲಿಸ್ಟ್ ಆ್ಯಂಡ್ ಮೋರ್ಸ್’ ಪದ್ಧತಿ.
- ಹಳೆಯ ಗೇಟಿನಲ್ಲಿ ಕೀಲಿಯ ಸುತ್ತು: ಗೇಟು ಮುಚ್ಚಿ ಬೀಗ ಹಾಕಿದರೆ ಮಾತ್ರ ಕೀಲಿ ಹೊರಬರುತ್ತದೆ → ಆ ಕೀಲಿ ಹಾಕಿದರೆ ಮಾತ್ರ ಸಿಗ್ನಲ್ ಲಿವರ್ ಬಿಡುತ್ತದೆ → ಸಿಗ್ನಲ್ ಇಳಿದಿರುವಾಗ ಕೀಲಿ ತೆಗೆಯಲಾಗದು → ಕೀಲಿಯಿಲ್ಲದೆ ಗೇಟು ತೆರೆಯದು.
- ಕೀಲಿಯನ್ನು ಕೈಯಲ್ಲಿ ಒಯ್ಯಲಾಗದಷ್ಟು ದೂರವಿದ್ದರೆ ವಿದ್ಯುತ್ತಿನ ಕೀ ಟ್ರಾನ್ಸ್‌ಮಿಟರ್: ಒಂದು ತುದಿಯಲ್ಲಿ ಕೀಲಿ ಹಾಕಿದರೆ ಇನ್ನೊಂದು ತುದಿಯ ಕೀಲಿ ಬಿಡುಗಡೆಯಾಗುತ್ತದೆ.
- ಗೇಟ್ ಸಿಗ್ನಲ್ಲಿನ ಗುರುತು: ಹಳದಿ ಬಿಲ್ಲೆಯ ಮೇಲೆ ಕಪ್ಪು ‘ಜಿ’ ಅಕ್ಷರ.
- ‘ಜಿ’ ಗುರುತಿನ ಸಿಗ್ನಲ್ ಕೆಂಪಿದ್ದರೆ: ಚಾಲಕ ಸೀಟಿ ಹಾಕಿ ನಿಲ್ಲಬೇಕು, ಹಗಲು 1 ನಿಮಿಷ, ರಾತ್ರಿ 2 ನಿಮಿಷ ಕಾಯಬೇಕು, ಆಮೇಲೂ ಬದಲಾಗದಿದ್ದರೆ ಎಚ್ಚರದಿಂದ ಗೇಟಿನವರೆಗೆ ಸಾಗಬೇಕು, ಗೇಟ್‌ಮನ್ ಕೈಸನ್ನೆ ಕೊಟ್ಟರೆ ದಾಟಬಹುದು. ಗೇಟ್‌ಮನ್ ಇಲ್ಲದಿದ್ದರೆ ಗೇಟಿನ ಮುಂಚೆಯೇ ನಿಂತು, ಅದು ಮುಚ್ಚಿದೆ ಎಂದು ಖಚಿತಪಡಿಸಿಕೊಂಡು ಮುಂದೆ ಹೋಗಬೇಕು.
- ಬೇರೆಡೆ: ಅಮೆರಿಕದಲ್ಲಿ ರಸ್ತೆಯವರನ್ನು ಎಚ್ಚರಿಸಲು ಅತ್ತಿತ್ತ ತೂಗುವ ‘ವಿಗ್‌ವ್ಯಾಗ್’ ದೀಪ ಬಂತು (1909, ಆಲ್ಬರ್ಟ್ ಹಂಟ್, ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ). ಅದನ್ನು ಸಾಧ್ಯವಾಗಿಸಿದ್ದು ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕಿಟ್: ರೈಲಿನ ಗಾಲಿಗಳೇ ಎರಡು ಹಳಿಗಳ ನಡುವೆ ವಿದ್ಯುತ್ತಿಗೆ ಅಡ್ಡದಾರಿ ಮಾಡಿ ರೈಲಿನ ಇರವು ತಿಳಿಸುತ್ತವೆ. ಅಲ್ಲಿ ಯಂತ್ರ ಎಚ್ಚರಿಸುವುದು ಪದ್ಧತಿಯಾಯಿತು. ಬ್ರಿಟನ್ನಿನ ಜಾಡು ಹಿಡಿದ ಭಾರತದಲ್ಲಿ ಮನುಷ್ಯ ಬಾಗಿಲು ಮುಚ್ಚುವುದು ಪದ್ಧತಿಯಾಯಿತು.

8. ಒಂಟಿ ಹಳಿ ಮತ್ತು ಟೋಕನ್

- ಸಮಸ್ಯೆ: ಒಂದೇ ಹಳಿಯಲ್ಲಿ ಎದುರುಬದುರು ರೈಲು ಬರಬಾರದು.
- ಪರಿಹಾರ: ಎರಡು ನಿಲ್ದಾಣಗಳ ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಒಂದು ಹೊತ್ತಿಗೆ ಒಂದೇ ಟೋಕನ್ ಹೊರಬರುವಂತೆ ಮಾಡುವುದು. ಎಡ್ವರ್ಡ್ ಟೈಯರ್ ಅವರ ಟ್ಯಾಬ್ಲೆಟ್ ಯಂತ್ರ (1878) ಇದಕ್ಕೆ ಮಾದರಿ. 1874ರ ಥಾರ್ಪ್ ದುರಂತ ಅದಕ್ಕೆ ಪ್ರೇರಣೆ.
- ಭಾರತದಲ್ಲಿ ಹೆಸರಾದದ್ದು: ನೀಲ್ಸ್ ಬಾಲ್ ಟೋಕನ್ ಯಂತ್ರ. ಟೋಕನ್ ಉಕ್ಕಿನ ಚೆಂಡು. ಅದನ್ನು ಚರ್ಮದ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಚಾಲಕನಿಗೆ ಕೊಡುತ್ತಿದ್ದರು.
- ತಯಾರಿಕೆ, ದುರಸ್ತಿಗೆ ಹೆಸರಾದ ಜಾಗ: ಕೊಯಮತ್ತೂರು ಬಳಿಯ ಪೋದನೂರು ಸಿಗ್ನಲ್ ಕಾರ್ಯಾಗಾರ.
- ಜೋಡಿ ಹಳಿಯಲ್ಲಿ ಪ್ರತಿ ಹಳಿಗೂ ಒಂದೇ ದಿಕ್ಕು ಗೊತ್ತಾಗಿರುವುದರಿಂದ ಟೋಕನ್ನಿನ ಅಗತ್ಯವೇ ಇಲ್ಲ.

9. ಗೇಟ್‌ಮನ್ ಕೈಯಲ್ಲಿ

- ಕೆಂಪು, ಹಸಿರು ಬಾವುಟ, ಮೂರು ಬಣ್ಣದ ಕೈದೀಪ, ಸೀಟಿ, ಗಡಿಯಾರ, ಬೀಗಸಹಿತ ಬಿಡಿ ಸರಪಳಿ, ಪಟಾಕಿ, ಗುದ್ದಲಿ, ಸಲಿಕೆ, ಹಾರೆ.
- ಪಟಾಕಿ (ಡಿಟೊನೇಟರ್): ಹಳಿಗೆ ಕಟ್ಟುವ ಚಪ್ಪಟೆ ಡಬ್ಬಿ; ಗಾಲಿ ಹತ್ತಿದೊಡನೆ ಸಿಡಿದು ಚಾಲಕನಿಗೆ ಅಪಾಯದ ಸುದ್ದಿ ಮುಟ್ಟುತ್ತದೆ. ಕಂಡುಹಿಡಿದವರು: ಎಡ್ವರ್ಡ್ ಕೂಪರ್, 1841.
- ಹಳಿಯ ಮೇಲೆ ಗಾಡಿ ಸಿಕ್ಕಿಕೊಂಡರೆ ಬ್ರಾಡ್‌ಗೇಜಿನಲ್ಲಿ: 600 ಮೀಟರಿಗೆ 1 ಪಟಾಕಿ, 1200 ಮೀಟರಿಗೆ 10 ಮೀಟರ್ ಅಂತರದಲ್ಲಿ 3. ಮೀಟರ್‌ಗೇಜಿನಲ್ಲಿ ಇದೇ ದೂರಗಳು 400 ಮತ್ತು 800 ಮೀಟರ್.
- ಬಾವುಟ ಕೈಗೆ ಸಿಗದಿದ್ದರೆ: ಎರಡೂ ತೋಳು ತಲೆಯ ಮೇಲೆ ನೇರ ಎತ್ತುವುದು ‘ಅಪಾಯ, ನಿಲ್ಲು’ ಎಂಬ ಸನ್ನೆ.

10. ಫಲಕ ಮತ್ತು ಕಾನೂನು

- ಹಳಿಯ ಬದಿ: ‘ಡಬ್ಲ್ಯೂ/ಎಲ್’ ಫಲಕ, ಹಳದಿಯ ಮೇಲೆ ಕಪ್ಪು ಅಕ್ಷರ, ಗೇಟಿಗಿಂತ 600 ಮೀಟರ್ ಮೊದಲು. ಅರ್ಥ: ಗೇಟು ಬಂತು, ಸೀಟಿ ಹಾಕು.
- ರಸ್ತೆಯ ಬದಿ: ತ್ರಿಕೋನದಲ್ಲಿ ಗೇಟಿನ ಚಿತ್ರ – ಕಾವಲಿದೆ, ಉಗಿಬಂಡಿಯ ಚಿತ್ರ – ಕಾವಲಿಲ್ಲ. 200 ಮೀಟರಿನಲ್ಲಿ ಎರಡು ಪಟ್ಟಿ, 50–100 ಮೀಟರಿನಲ್ಲಿ ಒಂದು ಪಟ್ಟಿ.
- ರೈಲ್ವೆ ಕಾಯ್ದೆ 1989, ಕಲಂ 160: ಮುಚ್ಚಿದ ಗೇಟು ತೆರೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಸೆರೆ.
- ಕಲಂ 161: ಕಾವಲಿಲ್ಲದ ಗೇಟನ್ನು ನಿರ್ಲಕ್ಷ್ಯದಿಂದ ದಾಟಿದರೆ 1 ವರ್ಷದವರೆಗೆ.
- ಕಲಂ 147: ರೈಲ್ವೆ ಜಾಗಕ್ಕೆ ಅತಿಕ್ರಮ ಪ್ರವೇಶ – 6 ತಿಂಗಳವರೆಗೆ ಸೆರೆ ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ಸಲಕರಣೆ ನೋಡುವ ಹವ್ಯಾಸವಿದ್ದವರು ರಸ್ತೆಯ ಬದಿಯಿಂದಲೇ ನೋಡಬೇಕು.
- ಮೋಟಾರು ವಾಹನ ಕಾಯ್ದೆ 1988, ಕಲಂ 131: ಕಾವಲಿಲ್ಲದ ಗೇಟಿನಲ್ಲಿ ವಾಹನ ನಿಲ್ಲಿಸಿ, ಕಂಡಕ್ಟರ್ ಅಥವಾ ಜೊತೆಗಿರುವವರು ನಡೆದು ಹೋಗಿ ಎರಡೂ ಬದಿ ನೋಡಬೇಕು, ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು.

11. ಹಳೆಯ ಸಲಕರಣೆ ನೋಡುವ ಜಾಗ

- ಹುಬ್ಬಳ್ಳಿ ರೈಲ್ವೆ ವಸ್ತುಸಂಗ್ರಹಾಲಯ: ಗದಗ ರಸ್ತೆ, 2020ರ ಆಗಸ್ಟ್‌ನಲ್ಲಿ ಆರಂಭ.
- ಮೈಸೂರು ರೈಲ್ವೆ ವಸ್ತುಸಂಗ್ರಹಾಲಯ: 1979.
- ನೋಡುವಾಗ ಗಮನಿಸಿ: ತೋಳಿನ ತುದಿ ಚೌಕವೋ ಸೀಳೋ, ತೋಳು ಇಳಿಯುವುದೋ ಏರುವುದೋ, ಭಾರ ಯಾವ ಬದಿಗಿದೆ, ಎರಕದ ಮೇಲೆ ತಯಾರಕರ ಹೆಸರಿದೆಯೇ. ಈ ನಾಲ್ಕು ತಿಳಿದರೆ ಸಿಗ್ನಲ್ಲಿನ ಕೆಲಸ, ಪದ್ಧತಿ, ಮೂಲ ಎಲ್ಲ ಹೇಳಬಹುದು.

12. ಇಸವಿ ಪಟ್ಟಿ

- 1839: ಬ್ರಿಟನ್ನಿನಲ್ಲಿ ಹೆದ್ದಾರಿ ಗೇಟುಗಳಿಗೆ ಕಾವಲು ಕಡ್ಡಾಯ
- 1853: ಬೋರಿಬಂದರ್–ಠಾಣೆ, ಭಾರತದ ಮೊದಲ ಪ್ರಯಾಣಿಕ ರೈಲು (16 ಏಪ್ರಿಲ್)
- 1856: ಸ್ಯಾಕ್ಸ್‌ಬಿ ಪೇಟೆಂಟ್
- 1872: ಟ್ರ್ಯಾಕ್ ಸರ್ಕಿಟ್
- 1882: ಸದರ್ನ್ ಮರಾಠಾ ರೈಲ್ವೆ
- 1890: ಹಳೆಯ ಭಾರತೀಯ ರೈಲ್ವೆ ಕಾಯ್ದೆ
- 1894: ಭಾರತದಲ್ಲಿ ಇಂಟರ್‌ಲಾಕಿಂಗ್
- 1928: ಬಾಂಬೆ ವಿ.ಟಿ.–ಬೈಕಲಾ ನಡುವೆ ಬಣ್ಣದ ದೀಪದ ಸಿಗ್ನಲ್
- 2003: ನೈಋತ್ಯ ರೈಲ್ವೆ
- 2019: ಬ್ರಾಡ್‌ಗೇಜಿನಲ್ಲಿ ಕಾವಲಿಲ್ಲದ ಗೇಟು ಅಂತ್ಯ
- 2023: ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಲೋಕಾರ್ಪಣೆ (12 ಮಾರ್ಚ್)

13. ಒಂದೇ ಸಾಲಿನ ಪ್ರಶ್ನೋತ್ತರ

- ಹಳದಿ ಬಿಲ್ಲೆಯ ‘ಜಿ’? – ಗೇಟ್ ಸಿಗ್ನಲ್. ಬಿಳಿ ಬಿಲ್ಲೆಯ ‘ಎ’? – ಸ್ವಯಂಚಾಲಿತ ಸಿಗ್ನಲ್.
- ಟಿ.ವಿ.ಯು. ಲೆಕ್ಕದಲ್ಲಿ ಚಕ್ಕಡಿ? – 1. ಆಟೋ? – ಅರ್ಧ.
- ಸೀಳು ತುದಿಯ ಕೆಂಪು ತೋಳು? – ವಾರ್ನರ್. ಹಳದಿ ತೋಳು? – ಡಿಸ್ಟಂಟ್.
- ಸಿಗ್ನಲ್ ತಂತಿ ಹರಿದರೆ ತೋಳು? – ‘ನಿಲ್ಲು’ ಸ್ಥಿತಿಗೆ.
- ಸದರ್ನ್ ಮರಾಠಾ ರೈಲ್ವೆಯ ಕೇಂದ್ರ? – ಧಾರವಾಡ. ನೈಋತ್ಯ ರೈಲ್ವೆಯ ಕೇಂದ್ರ? – ಹುಬ್ಬಳ್ಳಿ.
- ಗೇಟು ಸಮೀಪಿಸಿದಾಗ ತಾನಾಗಿ ಸೀಟಿ ಹಾಕಿಸುವ ಭಾರತೀಯ ವ್ಯವಸ್ಥೆ? – ಕವಚ್.
- ಐದು ಅಂಕದ ‘ಗೇಟ್ ಇಂಟರ್‌ಲಾಕಿಂಗ್’ ಉತ್ತರಕ್ಕೆ ಚೌಕಟ್ಟು? – ವ್ಯಾಖ್ಯೆ, ಕೀಲಿಯ ನಾಲ್ಕು ಹಂತ, ತಂತಿ ಹರಿದಾಗಿನ ಸ್ಥಿತಿ, ‘ಜಿ’ ನಿಯಮ, ಭಾರತದಲ್ಲಿ 1894. ಹಂತಗಳ ಕ್ರಮ ತಪ್ಪಿಸಬೇಡಿ: ಮೊದಲು ಗೇಟ್, ಆಮೇಲೆ ಸಿಗ್ನಲ್.